ಸೀಸದ ಚರೆ ಮತ್ತು ವಲಸೆ ಜಲಪಕ್ಷಿಗಳು: ಏನು ನೋಡಬೇಕು, ಏನು ಬದಲಿಸಬೇಕು

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಜೌಗಿನ ಬದಿಯಲ್ಲಿ ಬಾತುಗಳು ಸಾಯುತ್ತಿವೆ, ಮೈಮೇಲೆ ಗಾಯವಿಲ್ಲ. ಸೀಸವೇ ಕಾರಣ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಸೀಸದ ತೋಟೆ ಬಿಟ್ಟು ಉಕ್ಕಿನದು ಹಾಕಿದರೆ ಕೋವಿ ಕೆಡುತ್ತದೆಯೇ? ಈಗಾಗಲೇ ಕೆಸರಿನಲ್ಲಿ ಹೂತಿರುವ ಚರೆಯನ್ನು, ಅಂದರೆ ಬೇಟೆ ತೋಟೆಯೊಳಗಿನ ಸಣ್ಣ ಗುಂಡುಗಳನ್ನು, ತೆಗೆಯಲು ಬರುತ್ತದೆಯೇ?

ಮೂರನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇವೆ: ಬಹುಮಟ್ಟಿಗೆ ಇಲ್ಲ. ಬಿದ್ದ ಸೀಸ ಬಿದ್ದ ಹಾಗೆಯೇ. ಒಂದು ಚರೆ ಪೂರ್ತಿ ಕರಗಿ ಹೋಗಲು ನೂರರಿಂದ ಮುನ್ನೂರು ವರ್ಷ ಹಿಡಿಯಬಹುದು. ಆದ್ದರಿಂದ ಹೊಸ ಸೀಸ ನೀರಿಗೆ ಬೀಳದ ಹಾಗೆ ಮಾಡುವುದೇ ನಿಜವಾದ ಕೆಲಸ. ಸಮೀಕ್ಷೆ, ಪರೀಕ್ಷೆ, ಚಿಕಿತ್ಸೆ ಎಲ್ಲವೂ ಅದಕ್ಕೆ ಒತ್ತಾಸೆ. ಬೇಟೆಯೇ ನಿಷೇಧವಿರುವ ದೇಶದಲ್ಲಿರುವವರಿಗೂ ಇದು ಬೇಕು, ಏಕೆಂದರೆ ವಲಸೆ ಬಾತು ಗಡಿ ನೋಡಿ ಹಾರುವುದಿಲ್ಲ. ಒಂದು ದೇಶದಲ್ಲಿ ನುಂಗಿದ ಚರೆ ಇನ್ನೊಂದು ದೇಶದ ನೀರಿನಲ್ಲಿ ಹಕ್ಕಿಯನ್ನು ಕೆಡವಬಹುದು. ಅಲ್ಲದೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ಎಲ್ಲ ಕಡೆಯೂ ಇದೆ.

ಶುರುಮಾಡುವ ಮುನ್ನ: ಸೀಸ ಹೊಟ್ಟೆ ಸೇರುವ ಬಗೆ

32 ಗ್ರಾಂ ಸೀಸ ತುಂಬಿದ 12 ಬೋರಿನ ಒಂದು ತೋಟೆಯಲ್ಲಿ, 2.8 ಮಿ.ಮೀ. ಗಾತ್ರದ ಚರೆಯಾದರೆ, ಸುಮಾರು 250 ಇರುತ್ತವೆ. ಹಕ್ಕಿಗೆ ತಗಲುವುದು ಬೆರಳೆಣಿಕೆಯಷ್ಟು. ಉಳಿದವೆಲ್ಲ ನೀರಿಗೆ, ಕೆಸರಿಗೆ. ಗುರಿ ತಪ್ಪಿದರೆ ಅಷ್ಟೂ ನೀರಿಗೇ.

ಬಾತು, ಹೆಬ್ಬಾತು, ಹಂಸಗಳಿಗೆ ಹಲ್ಲಿಲ್ಲ. ಕಾಳು, ಗೆಡ್ಡೆಗಳನ್ನು ಅರೆಯುವುದು ಗಿಜರ್ಡ್, ಅಂದರೆ ದಪ್ಪ ಸ್ನಾಯುವಿನ ಅರೆಯುವ ಹೊಟ್ಟೆ. ಅರೆಯಲು ಅದರೊಳಗೆ ಮರಳುಕಲ್ಲು ಬೇಕು. ಹಕ್ಕಿ ಅದನ್ನು ತಳದಿಂದ ಹೆಕ್ಕಿ ನುಂಗುತ್ತದೆ. ಚರೆ ಗಾತ್ರದಲ್ಲಿ ಮರಳುಕಲ್ಲಿನ ಹಾಗೆ, ಎಷ್ಟೋ ಬೀಜಗಳ ಹಾಗೆಯೂ ಇದೆ. ಒಳಗೆ ಹೋದ ಮೇಲೆ ಕಲ್ಲು ಅದನ್ನು ತೇಯುತ್ತದೆ, ಜಠರದ ಆಮ್ಲ ಕರಗಿಸುತ್ತದೆ, ಸೀಸ ರಕ್ತಕ್ಕೆ ಇಳಿಯುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಎಲ್ಲೆಡೆ ಸಾಗಿಸುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಿ ಕೆಡುತ್ತದೆ, ನರ ಸೋಲುತ್ತದೆ, ಅನ್ನನಾಳ ಹಾಗೂ ಜಠರದ ಚಲನೆ ನಿಲ್ಲುತ್ತದೆ. ಕೊನೆಗೆ ಗಂಟಲವರೆಗೆ ಆಹಾರ ತುಂಬಿಕೊಂಡಿದ್ದರೂ ಹಕ್ಕಿ ಹಸಿವಿನಿಂದ ಸಾಯುತ್ತದೆ.

ಹತ್ತಾರು ಚರೆ ಒಟ್ಟಿಗೆ ಹೋದರೆ ಕೆಲವೇ ದಿನಗಳಲ್ಲಿ ಸಾವು. ಒಂದೆರಡು ಹೋದರೆ ಎರಡು ಮೂರು ವಾರ ಸೊರಗಿ ಸಾಯುವುದು ಸಾಮಾನ್ಯ. ಕೆಲವು ಹಕ್ಕಿಗಳು ಬದುಕಿಕೊಳ್ಳುತ್ತವೆ. ಗಟ್ಟಿ ಕಾಳನ್ನೇ ತಿನ್ನುವ ಹಕ್ಕಿಗೆ ಅಪಾಯ ಹೆಚ್ಚು, ಕ್ಯಾಲ್ಸಿಯಂ ಮತ್ತು ಪ್ರೋಟೀನು ಚೆನ್ನಾಗಿ ಸಿಗುವ ಹಕ್ಕಿಗೆ ಕಡಿಮೆ. ಸೂಜಿಬಾಲದ ಬಾತು, ಪೋಚಾರ್ಡ್‌ಗಳು ತಳ ಕೆದಕುವವು, ಹಾಗಾಗಿ ಅವೇ ಹೆಚ್ಚು ಸಿಕ್ಕಿಬೀಳುತ್ತವೆ. ಸ್ಪೇನಿನ ಎಬ್ರೊ ಮುಖಜಭೂಮಿಯಲ್ಲಿ ನಿಷೇಧಕ್ಕೆ ಮುಂಚೆ ಪರೀಕ್ಷಿಸಿದ ಸೂಜಿಬಾಲದ ಬಾತುಗಳಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚಿನವುಗಳ ಗಿಜರ್ಡಿನಲ್ಲಿ ಚರೆ ಇತ್ತು.

ಇನ್ನೊಂದು ದಾರಿ ಹದ್ದುಗಳದು. ಗಾಯಗೊಂಡು ತಪ್ಪಿಸಿಕೊಂಡ ಬಾತಿನ ಮಾಂಸದಲ್ಲಿ ಚರೆ ಉಳಿದಿರುತ್ತದೆ. ಅದನ್ನು ತಿಂದ ಬಿಳಿಬಾಲದ ಕಡಲ ಹದ್ದು ವಿಷಕ್ಕೆ ತುತ್ತಾಗುತ್ತದೆ. ಹದ್ದಿನ ಜಠರದ ಆಮ್ಲ ತೀಕ್ಷ್ಣ, ಸೀಸ ಅಲ್ಲಿ ಬೇಗ ಕರಗುತ್ತದೆ.

1. ಮೊದಲು ನಿಯಮ, ಆಮೇಲೆ ಜಾಗದ ಚರಿತ್ರೆ

ಆಫ್ರಿಕಾ–ಯುರೇಷಿಯಾದ ವಲಸೆ ಜಲಪಕ್ಷಿಗಳ ಒಪ್ಪಂದ 1995ರಲ್ಲಿ ಹೇಗ್‌ನಲ್ಲಿ ರೂಪುಗೊಂಡು 1999ರಲ್ಲಿ ಜಾರಿಗೆ ಬಂತು. ಇಂಗ್ಲಿಷ್ ಆದ್ಯಕ್ಷರಗಳಲ್ಲಿ ಇದನ್ನು ಎಇಡಬ್ಲ್ಯುಎ ಎನ್ನುತ್ತಾರೆ. ಜೌಗು ಪ್ರದೇಶದಲ್ಲಿ ಸೀಸದ ಚರೆಯನ್ನು 2000ದೊಳಗೆ ಕೈಬಿಡಲು ಸದಸ್ಯ ದೇಶಗಳು ಪ್ರಯತ್ನಿಸಬೇಕು ಎಂಬುದು ಅದರ ಕ್ರಿಯಾಯೋಜನೆಯಲ್ಲಿತ್ತು. ಆ ಗಡುವು ಬಹಳಷ್ಟು ಕಡೆ ಮೀರಿಹೋಯಿತು. ದೇಶಗಳು ತಮ್ಮ ತಮ್ಮ ವೇಗದಲ್ಲಿ ಬಂದವು: ಜಲಪಕ್ಷಿ ಬೇಟೆಗೆ ಸೀಸವನ್ನು ಅಮೆರಿಕ 1991ರಿಂದ ದೇಶದುದ್ದಕ್ಕೂ ನಿಷೇಧಿಸಿತು; ನೆದರ್‌ಲ್ಯಾಂಡ್ಸ್ 1993ರಲ್ಲಿ, ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೇ ಕೈಬಿಟ್ಟವು; ಕೆನಡಾದಲ್ಲಿ 1999ರ ಹೊತ್ತಿಗೆ ವಲಸೆ ಜಲಪಕ್ಷಿಗಳಿಗೆ ಸೀಸ ಸಂಪೂರ್ಣ ನಿಂತಿತು. ಐರೋಪ್ಯ ಒಕ್ಕೂಟದಲ್ಲಿ 2023ರ ಫೆಬ್ರುವರಿ 15ರಿಂದ ಜೌಗಿನೊಳಗೆ ಹಾಗೂ ಅದರ ಅಂಚಿನಿಂದ 100 ಮೀಟರ್ ಒಳಗೆ ಸೀಸದ ಚರೆ ಹಾರಿಸುವಂತಿಲ್ಲ. ಶೇ 1 ಅಥವಾ ಅದಕ್ಕಿಂತ ಹೆಚ್ಚು ಸೀಸವಿದ್ದರೆ ಅದು ಸೀಸದ ಚರೆಯೇ.

ಇಲ್ಲಿ ಜನ ಎಡವುವುದು ‘ಜೌಗು’ ಎಂಬುದರ ವ್ಯಾಪ್ತಿಯಲ್ಲಿ. ಒಕ್ಕೂಟದ ನಿಯಮ ಜೌಗುಗಳ ರಕ್ಷಣೆಗೆಂದೇ ಆದ 1971ರ ರಾಮ್ಸಾರ್ ಒಪ್ಪಂದದ ಅರ್ಥವನ್ನೇ ಎತ್ತಿಕೊಂಡಿದೆ. ಕೆರೆ, ಕೊಳ, ನದಿದಂಡೆ ಮಾತ್ರವಲ್ಲ. ಪೀಟ್ ನೆಲ (ಅರೆಕೊಳೆತ ಸಸ್ಯ ಪದರಗಟ್ಟಿದ ಒದ್ದೆ ನೆಲ), ತಾತ್ಕಾಲಿಕವಾಗಿ ನೀರು ನಿಲ್ಲುವ ಜಾಗ, ಇಳಿತದಲ್ಲಿ ಆರು ಮೀಟರಿಗಿಂತ ಆಳವಿಲ್ಲದ ಕಡಲೂ ಸೇರುತ್ತದೆ. ಕೆಲವು ದೇಶಗಳ ನಿಯಮ ಜಾಗಕ್ಕೆ ಕಟ್ಟಿದ್ದು, ಕೆಲವದು ಹಕ್ಕಿಯ ಜಾತಿಗೆ ಕಟ್ಟಿದ್ದು, ಕೆಲವದು ಎರಡಕ್ಕೂ. ಮೂಲ ಪಠ್ಯವನ್ನೇ ಓದಿ, ಕೇಳಿದ್ದನ್ನು ನಂಬಬೇಡಿ.

ಜಾಗದ ಚರಿತ್ರೆ ಎಂದರೆ: ಹಿಂದೆ ಇಲ್ಲಿ ಬೇಟೆ ನಡೆಯುತ್ತಿತ್ತೇ, ಮರೆ ಕಟ್ಟಿ ಕೂರುವ ಸ್ಥಳ ಎಲ್ಲಿತ್ತು, ಹತ್ತಿರದಲ್ಲಿ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಶೂಟಿಂಗ್ ಮೈದಾನ ಇತ್ತೇ, ಗಾಳ ಹಾಕುವವರು ಎಲ್ಲಿ ಕೂರುತ್ತಾರೆ. ಮೈದಾನದ ಚರೆ ಹಾರುವ ದಿಕ್ಕಿನಲ್ಲಿ ನೀರಿದ್ದರೆ ಅಲ್ಲಿ ಸೀಸ ರಾಶಿ ಬಿದ್ದಿರುತ್ತದೆ. ಇದನ್ನೆಲ್ಲ ನಕ್ಷೆಯ ಮೇಲೆ ಗುರುತು ಹಾಕಿಟ್ಟುಕೊಳ್ಳಿ, ಐದನೇ ಹಂತಕ್ಕೆ ಬೇಕಾಗುತ್ತದೆ.

2. ಹಕ್ಕಿಯನ್ನು ದೂರದಿಂದ ಓದಿ

ದುರ್ಬೀನು ಸಾಕು. ಈ ಲಕ್ಷಣಗಳು ಒಟ್ಟೊಟ್ಟಿಗೆ ಕಂಡರೆ ಸೀಸದ ಸಂಶಯ ಬಲವಾಗುತ್ತದೆ:

- ಹಿಂಡು ಎದ್ದರೂ ಒಂದು ಹಕ್ಕಿ ಏಳುವುದಿಲ್ಲ, ಅಥವಾ ಎದ್ದು ಸ್ವಲ್ಪ ದೂರದಲ್ಲೇ ಕುಸಿಯುತ್ತದೆ.
- ರೆಕ್ಕೆಗಳು ಬೆನ್ನಿನ ಮೇಲೆ ಮಾಡಿನ ಹಾಗೆ ಇಳಿಜಾರಾಗಿ ನಿಂತಿರುತ್ತವೆ, ತುದಿ ಜೋತಿರುತ್ತದೆ.
- ಹಿಂಭಾಗದ ಗರಿಗಳಿಗೆ ಹಸಿರು ಹಿಕ್ಕೆ ಮೆತ್ತಿರುತ್ತದೆ.
- ಎದೆಮೂಳೆ ಕೊಡಲಿಯ ಅಂಚಿನಷ್ಟು ಚೂಪಾಗಿ ಎದ್ದು ಕಾಣುತ್ತದೆ. ಎದೆಯ ಸ್ನಾಯು ಕರಗಿ ಹೋದದ್ದರ ಗುರುತು ಇದು.
- ಹಂಸ, ಹೆಬ್ಬಾತುಗಳ ಕತ್ತು ಬಾಗಿ ಬೆನ್ನ ಮೇಲೆ ಒರಗಿರುತ್ತದೆ. ಹೆಬ್ಬಾತಿನ ದನಿ ಬದಲಾಗುವುದೂ ಉಂಟು.
- ಅದು ಒಬ್ಬಂಟಿಯಾಗಿ ಹುಲ್ಲಿನ ಮರೆ ಸೇರುತ್ತದೆ.

ಕೊನೆಯದು ಮುಖ್ಯ. ಸೀಸ ಒಂದೇ ದಿನ ನೂರಾರು ಹಕ್ಕಿಗಳನ್ನು ಕೆಡವುವುದು ಅಪರೂಪ. ದಿನಕ್ಕೊಂದು ಎರಡು, ಅದೂ ಜೊಂಡಿನೊಳಗೆ. ನರಿ, ಹದ್ದುಗಳು ಬೆಳಗಾಗುವುದರೊಳಗೆ ಒಯ್ದಿರುತ್ತವೆ. ‘ಇಲ್ಲಿ ಹೆಣಗಳೇ ಇಲ್ಲ, ಹಾಗಾಗಿ ತೊಂದರೆ ಇಲ್ಲ’ ಎಂಬ ವಾದ ಈ ವಿಷಯದಲ್ಲಿ ನಿಲ್ಲುವುದಿಲ್ಲ. ಐರೋಪ್ಯ ರಾಸಾಯನಿಕ ಸಂಸ್ಥೆಯ ಅಂದಾಜಿನಂತೆ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜಲಪಕ್ಷಿಗಳು ಸೀಸದಿಂದ ಸಾಯುತ್ತಿದ್ದವು. ಅದು ಕಣ್ಣಿಗೆ ಬಿದ್ದ ಹೆಣಗಳ ಲೆಕ್ಕವಲ್ಲ.

ತಪ್ಪು ತಿಳಿಯುವ ಸಾಧ್ಯತೆ ಎರಡು ರೋಗಗಳಿಂದ. ಬಾಟುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದಲ್ಲೂ ಕತ್ತು ಜೋಲುತ್ತದೆ, ಹಾರಲಾಗುವುದಿಲ್ಲ. ಆದರೆ ಅದು ಬೇಗ ಹೊಡೆಯುವುದರಿಂದ ಹಕ್ಕಿ ಮೈತುಂಬಿಕೊಂಡೇ ಇರುತ್ತದೆ, ಒಟ್ಟಿಗೆ ಅನೇಕ ಸಾಯುತ್ತವೆ, ಸಾಮಾನ್ಯವಾಗಿ ಬಿಸಿಲುಕಾಲದಲ್ಲಿ. ಎರಡನೆಯದು ಹಕ್ಕಿಜ್ವರ: ತಲೆ ನಡುಕ, ಸುತ್ತುತ್ತ ಈಜುವುದು, ಗುಂಪು ಸಾವು. ಇವೆರಡಕ್ಕೂ ಸೀಸಕ್ಕೂ ಸುಲಭದ ವ್ಯತ್ಯಾಸ ಎದೆಮೂಳೆ. ಸೊರಗಿದ್ದರೆ ಸೀಸದ ಕಡೆ ವಾಲಿ, ಆದರೆ ಅದನ್ನೇ ತೀರ್ಪು ಎಂದುಕೊಳ್ಳಬೇಡಿ. ತುಂಬಾ ಚರೆ ನುಂಗಿದ ಹಕ್ಕಿಯೂ ಸೊರಗುವ ಮುನ್ನವೇ ಸಾಯುತ್ತದೆ.

3. ಕೈ ಹಾಕುವ ಮುನ್ನ

ಹಕ್ಕಿಜ್ವರ ಇಲ್ಲವೆಂದು ಖಚಿತವಾಗುವವರೆಗೆ ಪ್ರತಿ ಹೆಣವನ್ನೂ ಹಕ್ಕಿಜ್ವರದ್ದೇ ಎಂದು ಭಾವಿಸಿ. ಒಂದಕ್ಕಿಂತ ಹೆಚ್ಚು ಹೆಣ ಕಂಡರೆ ಮುಟ್ಟದೆ ಪಶುವೈದ್ಯ ಇಲಾಖೆಗೆ ಅಥವಾ ವನ್ಯಜೀವಿ ಇಲಾಖೆಗೆ ತಿಳಿಸಿ. ಸಂರಕ್ಷಿತ ಹಕ್ಕಿಯನ್ನು, ಸತ್ತದ್ದಾದರೂ, ಅನುಮತಿಯಿಲ್ಲದೆ ಎತ್ತಿಕೊಂಡು ಹೋಗುವುದು ಅನೇಕ ಕಡೆ ಅಪರಾಧ.

ಅನುಮತಿ ಇದ್ದರೆ ಬೇಕಾದ ಸಾಮಾನು: ನೈಟ್ರೈಲ್ ಕೈಗವಸು ಎರಡು ಪದರ, ಮೂಗುಬಾಯಿಗೆ ಎನ್-95 ಮುಖಗವಸು, ಕನ್ನಡಕ, ದಪ್ಪ ಪ್ಲಾಸ್ಟಿಕ್ ಚೀಲ, ಗಟ್ಟಿ ಕಾಗದದ ಚೀಟಿ, ಪೆನ್ಸಿಲ್, ಸೋಂಕುನಿವಾರಕ.

ಹೆಣವನ್ನು ಒಂದರೊಳಗೊಂದು ಎರಡು ಚೀಲದಲ್ಲಿ ಹಾಕಿ. ಚೀಟಿಯನ್ನು ಎರಡು ಚೀಲಗಳ ನಡುವೆ ಇಡಿ, ಒಳಗಿಟ್ಟರೆ ಒದ್ದೆಯಾಗಿ ಹರಿಯುತ್ತದೆ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ಹರಡುತ್ತದೆ. ಜಾತಿ, ದಿನಾಂಕ, ಜಿಪಿಎಸ್ ಬಿಂದು, ಹೆಣದ ಭಂಗಿ, ಸುತ್ತ ಕಂಡದ್ದು ಇಷ್ಟು ಇರಲಿ. ಪ್ರಯೋಗಾಲಯಕ್ಕೆ ಎರಡು ದಿನದೊಳಗೆ ತಲುಪುವುದಾದರೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗಿಡಿ, ಇಲ್ಲವಾದರೆ ಹೆಪ್ಪುಗಟ್ಟಿಸಿ. ಹೆಪ್ಪುಗಟ್ಟಿಸಿದರೆ ಅಂಗಾಂಶದ ಸೂಕ್ಷ್ಮ ಪರೀಕ್ಷೆ ಕೆಡುತ್ತದೆ, ಸೀಸದ ಅಳತೆ ಕೆಡುವುದಿಲ್ಲ. ಮನೆಯ ಆಹಾರದ ಫ್ರಿಜ್ಜಿನಲ್ಲಿ ಇಡಬಾರದು ಎಂಬುದನ್ನು ಹೇಳಬೇಕಾಗಿ ಬರುತ್ತದೆ ಎಂದುಕೊಂಡಿರಲಿಲ್ಲ, ಆದರೆ ಕೇಳುವವರಿದ್ದಾರೆ.

ಬದುಕಿರುವ ಹಕ್ಕಿಯಾದರೆ: ಬಟ್ಟೆ ಮುಚ್ಚಿ ಹಿಡಿಯಿರಿ, ರೆಕ್ಕೆ ಮೈಗೆ ಒತ್ತಿಕೊಂಡಿರಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿಟ್ಟು ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹಾಕಬೇಡಿ, ಆಹಾರ ತುರುಕಬೇಡಿ. ನುಂಗುವ ಸ್ನಾಯು ಸೋತಿರುವುದರಿಂದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕರುಣೆಯಿಂದ ಸಾಯುವ ಹಕ್ಕಿಗಳು ಇವೇ. ಪಶುವೈದ್ಯರು ಎಕ್ಸ್‌ರೇ ತೆಗೆದು ಚರೆ ಇದ್ದರೆ ಜಠರ ತೊಳೆದು ಹೊರತೆಗೆಯುತ್ತಾರೆ. ನಂತರ ಕೀಲೇಶನ್ ಚಿಕಿತ್ಸೆ, ಅಂದರೆ ರಕ್ತದಲ್ಲಿನ ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಔಷಧ. ಅದಕ್ಕೆ ಕ್ಯಾಲ್ಸಿಯಂ ಇಡಿಟಿಎ ಅಥವಾ ಡಿಎಂಎಸ್‌ಎ ಬಳಸುತ್ತಾರೆ. ಚರೆ ಹೊಟ್ಟೆಯಲ್ಲೇ ಇದ್ದಾಗ ಕೀಲೇಶನ್ ಮಾತ್ರ ಮಾಡಿದರೆ ಪ್ರಯೋಜನ ಕಡಿಮೆ, ಇತ್ತ ತೆಗೆದಷ್ಟು ಅತ್ತ ಕರಗುತ್ತಿರುತ್ತದೆ. ಎದೆ ಪೂರ್ತಿ ಕರಗಿದ ಹಕ್ಕಿ ಉಳಿಯುವುದು ಅಪರೂಪ ಎಂಬುದೂ ತಿಳಿದಿರಲಿ.

4. ಪ್ರಯೋಗಾಲಯದ ವರದಿಯನ್ನು ಓದುವುದು

ರಕ್ತ: ಜಲಪಕ್ಷಿಯಲ್ಲಿ ಡೆಸಿಲೀಟರಿಗೆ 20 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯ ಪರಿಸರದ ಮಟ್ಟ. 20ರಿಂದ 50 ಇದ್ದರೆ ಸೀಸ ಒಳಸೇರಿದೆ, ಹೊರಗೆ ಕಾಣುತ್ತಿಲ್ಲ. 50 ದಾಟಿದರೆ ರೋಗಲಕ್ಷಣ, 100 ದಾಟಿದರೆ ತೀವ್ರ. ಯಕೃತ್ತು: ಹಸಿ ತೂಕದ ಲೆಕ್ಕದಲ್ಲಿ ಗ್ರಾಂಗೆ 2 ಮೈಕ್ರೋಗ್ರಾಂ ಒಳಗೆ ಸಾಮಾನ್ಯ, 6ರ ಮೇಲೆ ವಿಷಬಾಧೆ. ವರದಿಯಲ್ಲಿ ಹಸಿ ತೂಕವೋ ಒಣ ತೂಕವೋ ನೋಡಿಯೇ ಹೋಲಿಸಿ. ಒಣ ತೂಕದ ಅಂಕಿ ಮೂರು ಪಟ್ಟಿಗೂ ಹೆಚ್ಚಿಗೆ ಕಾಣುತ್ತದೆ, ಅದನ್ನು ನೋಡಿ ಗಾಬರಿಯಾದವರು ಬಹಳ. ಮೂಳೆಯ ಅಂಕಿ ಹಕ್ಕಿಯ ಜೀವಮಾನದ ಲೆಕ್ಕ. ಅದು ಈಗಿನ ಸಾವಿನ ಕಾರಣ ಹೇಳುವುದಿಲ್ಲ.

ಗಿಜರ್ಡಿನಲ್ಲಿ ಚರೆ ಸಿಕ್ಕಿತೆಂದ ಮಾತ್ರಕ್ಕೆ ನುಂಗಿದ್ದೆಂದು ಬರೆದುಕೊಳ್ಳಬೇಡಿ. ಕೋವಿಯಿಂದ ಹಾರಿ ಸ್ನಾಯು ಸೀಳಿ ಒಳಹೊಕ್ಕದ್ದೂ ಇರಬಹುದು. ಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ: ತೂತು, ರಕ್ತ ಹೆಪ್ಪುಗಟ್ಟಿದ ಗೆರೆ, ಒಳಹೊಕ್ಕ ಗರಿಯ ಚೂರು ಇದ್ದರೆ ಅದು ಹೊಡೆದ ಚರೆ. ನುಂಗಿದ ಚರೆಯ ಮೈ ನುಣ್ಣಗೆ ತೇದಿರುತ್ತದೆ, ಗುಂಡಗಿದ್ದದ್ದು ಚಪ್ಪಟೆ ಬಿಲ್ಲೆಯಾಗಿರುತ್ತದೆ, ಕೆಲವೊಮ್ಮೆ ಅಕ್ಕಿಕಾಳಿಗಿಂತ ಸಣ್ಣದಾಗಿರುತ್ತದೆ. ಗಿಜರ್ಡಿನ ಒಳಪದರ ಪಿತ್ತದಿಂದ ಗಾಢ ಹಸಿರಾಗಿ, ಒಣ ತೊಗಲಿನಂತೆ ಬಿರಿದಿರುತ್ತದೆ. ಪಿತ್ತಕೋಶ ಊದಿ ಹಸಿರು ತುಂಬಿಕೊಂಡಿರುವುದೂ ಸಾಮಾನ್ಯ.

ಬರಿಗಣ್ಣಿನಲ್ಲಿ ಕಲ್ಲು ಕೆದಕಿ ಚರೆ ಹುಡುಕಿದರೆ ತೇದ ಚೂರುಗಳು ತಪ್ಪಿಹೋಗುತ್ತವೆ. ಮೊದಲು ಎಕ್ಸ್‌ರೇ, ಆಮೇಲೆ ತೊಳೆದು ಜರಡಿ. ಈ ಕ್ರಮವೇ ಸರಿ. ಚರೆ ಸಿಗದಿದ್ದರೆ ಸೀಸವಲ್ಲ ಎಂದೂ ಅರ್ಥವಲ್ಲ. ಗಿಜರ್ಡಿನಲ್ಲಿ ಚರೆ ಹೆಚ್ಚೆಂದರೆ ಮೂರು ವಾರ ಇರುತ್ತದೆ, ಆಮೇಲೆ ಕರಗಿಯೋ ಹೊರಬಿದ್ದೋ ಹೋಗುತ್ತದೆ. ವಿಷ ಅಂಗಾಂಶದಲ್ಲಿ ಉಳಿಯುತ್ತದೆ.

5. ಕೆಸರಿನಲ್ಲಿ ಎಷ್ಟಿದೆ ಎಂದು ಅಳೆಯಿರಿ

ಸಾಮಾನು: 25 ಸೆಂ.ಮೀ. ಚದರದ ತಳವಿಲ್ಲದ ಕಬ್ಬಿಣದ ಚೌಕಟ್ಟು, ಕರಣಿ, 4 ಮಿ.ಮೀ. ಮತ್ತು 1 ಮಿ.ಮೀ. ಕಣ್ಣಿನ ಎರಡು ಜರಡಿ, ಅಗಲವಾದ ತಟ್ಟೆ, ಇಕ್ಕಳ, ಅಯಸ್ಕಾಂತ.

ಅ) ನಕ್ಷೆಯ ಮೇಲೆ ಬಿಂದುಗಳನ್ನು ಮೊದಲೇ ಆರಿಸಿ. ಬೇಟೆಯ ಮರೆಯ ಬುಡದಲ್ಲೇ ತೋಡಿದರೆ ಚರೆ ಕಡಿಮೆ ಸಿಗುತ್ತದೆ. ಸಣ್ಣ ಚರೆ ಗಾಳಿಯಲ್ಲಿ ನೂರಿನ್ನೂರು ಮೀಟರ್ ದೂರ ಹೋಗಿ ಬೀಳುತ್ತದೆ. ಮರೆಯಿಂದ ದೂರಕ್ಕೆ ಗೆರೆ ಎಳೆದು ಆ ಗೆರೆಯುದ್ದಕ್ಕೂ ಬಿಂದುಗಳನ್ನಿಡಿ.

ಆ) ಚೌಕಟ್ಟನ್ನು ಒತ್ತಿ ಮೇಲಿನ 10 ಸೆಂ.ಮೀ. ಕೆಸರು ತೆಗೆಯಿರಿ, 0–5 ಮತ್ತು 5–10 ಎಂದು ಬೇರೆ ಬೇರೆ ಬಕೆಟ್ಟಿಗೆ. ಹಕ್ಕಿಗೆ ಎಟುಕುವುದು ಮುಖ್ಯವಾಗಿ ಮೇಲಿನ ಪದರ. ಮೆದು ಕೆಸರಿನಲ್ಲಿ ಚರೆ ಕೆಳಗಿಳಿಯುತ್ತದೆ, ಗಟ್ಟಿ ಮಣ್ಣಿನಲ್ಲಿ ವರ್ಷಗಟ್ಟಲೆ ಮೇಲೆಯೇ ಕೂತಿರುತ್ತದೆ.

ಇ) 4 ಮಿ.ಮೀ. ಜರಡಿಯಲ್ಲಿ ಕಡ್ಡಿ, ಚಿಪ್ಪು ತೆಗೆದು, 1 ಮಿ.ಮೀ.ನಲ್ಲಿ ಉಳಿದದ್ದನ್ನು ತಟ್ಟೆಗೆ ಹಾಕಿ. ದೊಡ್ಡ ಗಾತ್ರದ ಚರೆ ಮೇಲಿನ ಜರಡಿಯಲ್ಲೇ ಉಳಿದಿರಬಹುದು, ಕಡ್ಡಿಯ ಜೊತೆ ಎಸೆಯುವ ಮುನ್ನ ಅದನ್ನೂ ನೋಡಿ. ನೀರು ಸೇರಿಸಿ ಮೊರದಲ್ಲಿ ಕೇರಿದಂತೆ ಅಲುಗಿಸಿದರೆ ಹಗುರ ಮರಳು ಮೇಲೆದ್ದು ಹೋಗುತ್ತದೆ, ಸೀಸ ತಳ ಹಿಡಿಯುತ್ತದೆ.

ಈ) ಸಿಕ್ಕ ಪ್ರತಿ ಚರೆಯನ್ನೂ ಗುರುತಿಸಿ. ಅಯಸ್ಕಾಂತಕ್ಕೆ ಅಂಟಿದರೆ ಬಹುಮಟ್ಟಿಗೆ ಉಕ್ಕು. ಅಂಟದೆ, ಇಕ್ಕಳದಲ್ಲಿ ಒತ್ತಿದರೆ ಚಪ್ಪಟೆಯಾಗಿ, ಕಾಗದದ ಮೇಲೆ ಉಜ್ಜಿದರೆ ಬೂದು ಗೆರೆ ಬಿಟ್ಟರೆ ಸೀಸ. ಒತ್ತಿದರೆ ಪುಡಿಯಾದರೆ ಬಿಸ್ಮತ್. ಎಷ್ಟು ಒತ್ತಿದರೂ ಜಗ್ಗದಿದ್ದರೆ ಟಂಗ್‌ಸ್ಟನ್ ಮಿಶ್ರಲೋಹ. ಹಳೆಯ ಸೀಸದ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ, ಕಲ್ಲೆಂದು ಎಸೆಯಬೇಡಿ.

ಲೆಕ್ಕ ಹೀಗೆ. ಒಂದು ಚೌಕಟ್ಟು 0.0625 ಚದರ ಮೀಟರ್. ನಲವತ್ತು ತೆಗೆದರೆ 2.5 ಚದರ ಮೀಟರ್. ಸಿಕ್ಕ ಒಂದೊಂದು ಚರೆಯೂ ಹೆಕ್ಟೇರಿಗೆ 4,000 ಚರೆಗೆ ಸಮ. ನಲವತ್ತರಲ್ಲೂ ಒಂದೂ ಸಿಗಲಿಲ್ಲ ಅನ್ನಿ, ಆಗ ‘ಇಲ್ಲಿ ಸೀಸ ಇಲ್ಲ’ ಎನ್ನುವ ಹಾಗಿಲ್ಲ. ಸಂಖ್ಯಾಶಾಸ್ತ್ರದ ‘ಮೂರರ ನಿಯಮ’ದಂತೆ (ಒಂದೂ ಸಿಗದಿದ್ದರೆ ಮೂರರವರೆಗೆ ಇರಬಹುದೆಂದು ಲೆಕ್ಕ, ಅಂದರೆ 3 × 4,000), ಸೊನ್ನೆ ಸಿಕ್ಕಾಗಲೂ ಶೇ 95ರ ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ಹೆಕ್ಟೇರಿಗೆ 12,000ಕ್ಕಿಂತ ಹೆಚ್ಚಿಲ್ಲ. ಅದು ಸಣ್ಣ ಸಂಖ್ಯೆಯಲ್ಲ. ಹೋಲಿಕೆಗೆ, ಫ್ರಾನ್ಸಿನ ಕಮಾರ್ಗ್ ಜೌಗಿನ ಕೆಲವೆಡೆ ಹೆಕ್ಟೇರಿಗೆ 20 ಲಕ್ಷದವರೆಗೂ ಚರೆ ದಾಖಲಾಗಿದೆ.

ಗೂಡು ಕಟ್ಟುವ ಕಾಲದಲ್ಲಿ ಈ ಕೆಲಸ ಬೇಡ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಜರಡಿಗಳನ್ನು ತೊಳೆದು ಒಣಗಿಸಿ. ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

6. ತೋಟೆ ಬದಲಿಸುವುದು

ಬೇಟೆ ಕಾನೂನುಬದ್ಧವಾಗಿರುವ ದೇಶದಲ್ಲಿರುವವರಿಗೆ, ಮತ್ತು ಅಂಥ ಬೇಟೆಗಾರರ ಜೊತೆ ಮಾತಾಡಬೇಕಾದ ಪಕ್ಷಿಪ್ರೇಮಿಗಳಿಗೆ ಈ ಹಂತ. ಎರಡನೆಯವರು ಇದನ್ನು ಬಿಟ್ಟು ಮುಂದೆ ಹೋಗುವುದು ಬೇಡ. ತಾಂತ್ರಿಕ ಸಂಶಯಕ್ಕೆ ಉತ್ತರ ಗೊತ್ತಿಲ್ಲದವರ ಮಾತನ್ನು ಬೇಟೆಗಾರ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಬದಲಿ ಲೋಹಗಳು. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.3 ಗ್ರಾಂ. ಉಕ್ಕು (ವಾಸ್ತವದಲ್ಲಿ ಮೆದು ಕಬ್ಬಿಣ) 7.9, ಬಿಸ್ಮತ್–ತವರ ಸುಮಾರು 9.6, ಟಂಗ್‌ಸ್ಟನ್ ಮಿಶ್ರಣಗಳು ಸುಮಾರು 10ರಿಂದ 18ರವರೆಗೆ. ಉಕ್ಕು ಎಲ್ಲಕ್ಕಿಂತ ಅಗ್ಗ. ಬಿಸ್ಮತ್ ಸೀಸದ ಹಾಗೆಯೇ ವರ್ತಿಸುತ್ತದೆ, ಹಳೆಯ ಕೋವಿಗೂ ಆಗುತ್ತದೆ, ಬೆಲೆ ಹೆಚ್ಚು. ಟಂಗ್‌ಸ್ಟನ್ ಇನ್ನೂ ದುಬಾರಿ. ಅದರಲ್ಲಿ ಗಟ್ಟಿ ಬಗೆಗಳಿಗೆ ಉಕ್ಕಿನದೇ ಎಚ್ಚರಿಕೆ ಬೇಕು. ಸತು ಬದಲಿಯಲ್ಲ, ಹಕ್ಕಿಗೆ ಅದೂ ವಿಷ. ತಾಮ್ರ ಅಥವಾ ನಿಕ್ಕಲ್ ಲೇಪಿಸಿದ ಸೀಸವೂ ಬದಲಿಯಲ್ಲ. ಪೆಟ್ಟಿಗೆಯ ಮೇಲೆ ಎಷ್ಟೇ ಹೊಳಪಾಗಿ ಬರೆದಿರಲಿ, ಗಿಜರ್ಡಿನಲ್ಲಿ ಲೇಪ ತೇದುಹೋಗಿ ಒಳಗಿನ ಸೀಸ ಬಯಲಾಗುತ್ತದೆ.

ಗಾತ್ರ. ಉಕ್ಕು ಹಗುರವಾದ್ದರಿಂದ ಎರಡು ಸಂಖ್ಯೆ ದೊಡ್ಡ ಚರೆ ಆರಿಸಿ; ಸಂಖ್ಯೆ ಇಳಿದಷ್ಟೂ ಚರೆ ದೊಡ್ಡದು. ಅಮೆರಿಕದ ಅಳತೆಯಲ್ಲಿ 6ನೇ ಸಂಖ್ಯೆಯ ಸೀಸದ ಚರೆ 2.8 ಮಿ.ಮೀ., ತೂಕ ಸುಮಾರು 0.126 ಗ್ರಾಂ. ಅದೇ ಗಾತ್ರದ ಉಕ್ಕಿನದು 0.09 ಗ್ರಾಂ ಮಾತ್ರ. 4ನೇ ಸಂಖ್ಯೆಯ ಉಕ್ಕು 3.3 ಮಿ.ಮೀ., ತೂಕ 0.148 ಗ್ರಾಂ. ಗಾಳಿಯ ತಡೆ ಹೆಚ್ಚಿದ್ದರೂ ತೂಕ ಅದನ್ನು ಸರಿದೂಗಿಸುತ್ತದೆ. ಬ್ರಿಟಿಷ್ ಮತ್ತು ಅಮೆರಿಕನ್ ಸಂಖ್ಯೆಗಳು ಒಂದೇ ಅಲ್ಲ; ಬ್ರಿಟಿಷ್ 6 ಎಂದರೆ 2.6 ಮಿ.ಮೀ. ಸಂಖ್ಯೆ ಬಿಡಿ, ಮಿಲಿಮೀಟರ್ ನೋಡಿ. ‘ಉಕ್ಕು ಹಕ್ಕಿಯನ್ನು ಗಾಯ ಮಾಡಿ ಬಿಡುತ್ತದೆ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಹಳೆಯ ಸಂಖ್ಯೆಯನ್ನೇ ಕೇಳಿ ಕೊಂಡ ತೋಟೆ.

ಕೋವಿ. ಉಕ್ಕು ಗಟ್ಟಿ, ನಳಿಗೆಯಲ್ಲಿ ಹಿಸುಕಿಕೊಳ್ಳುವುದಿಲ್ಲ. ಚೋಕ್ ಎಂದರೆ ಚರೆ ಒಟ್ಟಾಗಿ ಹೋಗಲೆಂದು ನಳಿಗೆಯ ತುದಿಯಲ್ಲಿ ಮಾಡಿರುವ ಇಕ್ಕಟ್ಟು. ಪೂರ್ಣ ಚೋಕ್‌ನಲ್ಲಿ ದೊಡ್ಡ ಉಕ್ಕಿನ ಚರೆ ಹಾರಿಸಿದರೆ ತುದಿ ಉಬ್ಬಬಹುದು. ಅರ್ಧ ಚೋಕ್ ಅಥವಾ ಅದಕ್ಕಿಂತ ಸಡಿಲದ್ದು ಬಳಸಿ. ಉಕ್ಕು ಹರಡುವುದು ಕಡಿಮೆಯಾದ್ದರಿಂದ ಬಿಗಿ ಚೋಕ್ ಬೇಕಾಗುವುದೂ ಇಲ್ಲ. ತೋಟೆಗಳಲ್ಲಿ ಎರಡು ದರ್ಜೆ: ಸಾಮಾನ್ಯ ಉಕ್ಕು, ಅಧಿಕ ಒತ್ತಡದ ಉಕ್ಕು. ಎರಡನೆಯದಕ್ಕೆ ಉಕ್ಕಿಗೆಂದೇ ಪರೀಕ್ಷೆಯಾದ ಕೋವಿ ಬೇಕು. ಯುರೋಪಿನ ಕೋವಿಗಳಲ್ಲಿ ಅದರ ಗುರುತು ನಳಿಗೆಯ ಮೇಲಿನ ಲಿಲಿ ಹೂವಿನ ಮುದ್ರೆ. ಸುರುಳಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯ ಹಳೆಯ ಕೋವಿಗೆ ಉಕ್ಕು ಬೇಡವೇ ಬೇಡ. ತೋಟೆಯ ಉದ್ದ ಕೋವಿಯ ಕೋಣೆಗೆ ಹೊಂದಬೇಕು: 65 ಅಥವಾ 70 ಮಿ.ಮೀ. ಕೋಣೆಗೆ 76 ಮಿ.ಮೀ. ತೋಟೆ ಒಳಗೆ ಕೂತರೂ ಹಾರಿಸುವಾಗ ತುದಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಸಂಶಯವಿದ್ದರೆ ಕೋವಿ ತಜ್ಞರಿಗೆ ತೋರಿಸದೆ ಒಂದು ಈಡೂ ಬೇಡ.

ಕಾಗದದ ಮೇಲೆ ಪರೀಕ್ಷೆ. ನೀವು ನಿಜಕ್ಕೂ ಹೊಡೆಯುವ ದೂರದಲ್ಲಿ ದೊಡ್ಡ ಕಾಗದ ನಿಲ್ಲಿಸಿ, ಚರೆ ಬಿದ್ದ ನಡುಭಾಗಕ್ಕೆ 75 ಸೆಂ.ಮೀ. ವ್ಯಾಸದ ವೃತ್ತ ಎಳೆದು ಎಣಿಸಿ. ವೃತ್ತದಲ್ಲಿ ಹಕ್ಕಿಯ ಮೈಯಷ್ಟು ಖಾಲಿ ಜಾಗ ಇರಬಾರದು. ಒಂದು ಈಡಿನಿಂದ ತೀರ್ಮಾನಿಸಬೇಡಿ, ಕನಿಷ್ಠ ಐದು. ಹಿಂದೆ ಗಟ್ಟಿ ಬಂಡೆ, ಕಾಂಕ್ರೀಟು ಬೇಡ. ಉಕ್ಕು ಸೀಸಕ್ಕಿಂತ ಹೆಚ್ಚು ಪುಟಿದು ಬರುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ ಎಂದೇ ತಿಳಿಯಿರಿ.

ದೂರ. ಇದೇ ಎಲ್ಲಕ್ಕಿಂತ ಮುಖ್ಯ, ಯಾರಿಗೂ ಇಷ್ಟವಿಲ್ಲದ್ದೂ ಹೌದು. ಯಾವ ಲೋಹವೇ ಆಗಲಿ, 30–35 ಮೀಟರಿನಾಚೆ ಗಾಯದ ಪ್ರಮಾಣ ಏರುತ್ತದೆ. ಡೆನ್ಮಾರ್ಕಿನಲ್ಲಿ 1990ರ ದಶಕದಲ್ಲಿ ಜೀವಂತ ಗುಲಾಬಿಕಾಲಿನ ಹೆಬ್ಬಾತುಗಳನ್ನು ಎಕ್ಸ್‌ರೇ ಮಾಡಿದಾಗ ವಯಸ್ಕ ಹಕ್ಕಿಗಳಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚಿನವು ಮೈಯಲ್ಲಿ ಚರೆ ಹೊತ್ತಿದ್ದವು. ದೂರ ಕಡಿಮೆ ಮಾಡಿ ಎಂಬ ಅಭಿಯಾನದ ನಂತರ ಆ ಪ್ರಮಾಣ ಇಳಿಯಿತು. ದೂರವನ್ನು ಕಣ್ಣಂದಾಜಿಗೆ ಬಿಡದೆ ಮರೆಯ ಸುತ್ತ 30 ಮೀಟರಿಗೆ ಕೋಲು ನೆಟ್ಟು ಗುರುತು ಮಾಡಿ.

ಚರೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲು, ಅಂದರೆ ವ್ಯಾಡ್, ಕೂಡ ನೀರಿಗೆ ಬೀಳುತ್ತದೆ. ಕೊಳೆಯುವ ವ್ಯಾಡ್ ಇರುವ ಉಕ್ಕಿನ ತೋಟೆಗಳು ಸಿಗುತ್ತವೆ.

ಕಾನೂನು ಬಂದ ಕೂಡಲೇ ಸೀಸ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1999ರಲ್ಲಿ ನಿಷೇಧ ಬಂದು ಹತ್ತು ವರ್ಷ ಕಳೆದ ಮೇಲೂ, ಮಾರಾಟಕ್ಕಿದ್ದ ಕಾಡುಬಾತುಗಳನ್ನು ಕೊಂಡು ತಪಾಸಿಸಿದಾಗ ಸುಮಾರು ಶೇ 70 ಸೀಸದಿಂದಲೇ ಹೊಡೆದವಾಗಿದ್ದವು. ಬೇಟೆ ಸಂಘದಲ್ಲಿ ಹೊಣೆ ಹೊತ್ತವರು ದಿನದ ಆರಂಭದಲ್ಲಿ ತೋಟೆಗಳನ್ನು ನೋಡುವ ಪದ್ಧತಿ ಇಟ್ಟುಕೊಂಡರೆ ಬಹಳಷ್ಟು ಸರಿಹೋಗುತ್ತದೆ.

7. ಗಾಳದ ಗುಂಡು

ಬ್ರಿಟನ್ನಿನಲ್ಲಿ ಮೂಕಹಂಸಗಳು ಗಾಳದ ಸೀಸ ನುಂಗಿ ಸಾವಿರಗಟ್ಟಲೆ ಸತ್ತ ಮೇಲೆ 1987ರಲ್ಲಿ 28.35 ಗ್ರಾಂವರೆಗಿನ ಬಹುತೇಕ ಸೀಸದ ಗುಂಡುಗಳನ್ನು ನಿಷೇಧಿಸಿದರು. ಹಂಸಗಳ ಸಂಖ್ಯೆ ಮತ್ತೆ ಏರಿತು. ಬದಲಿಗೆ ಟಂಗ್‌ಸ್ಟನ್, ತವರ, ಉಕ್ಕು, ಬಿಸ್ಮತ್, ಕಲ್ಲು ಇವೆ. ಸತು ಇಲ್ಲೂ ಬೇಡ. ಹಳೆಯ ಗುಂಡನ್ನು ನೀರಿಗಾಗಲಿ ಕಸಕ್ಕಾಗಲಿ ಎಸೆಯದೆ ಲೋಹದ ಗುಜರಿಗೆ ಕೊಡಿ. ಹಲ್ಲಿನಲ್ಲಿ ಕಚ್ಚಿ ಗುಂಡು ಬಿಗಿಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

8. ಈಗಾಗಲೇ ಬಿದ್ದಿರುವ ಸೀಸ

ಹೆಕ್ಕಿ ತೆಗೆಯುವುದು ಶೂಟಿಂಗ್ ಮೈದಾನದಂಥ ಸಣ್ಣ ಜಾಗದಲ್ಲಿ ಮಾತ್ರ ಸಾಧ್ಯ. ಬೇರೆಡೆ ಹಕ್ಕಿಗೂ ಚರೆಗೂ ನಡುವೆ ಅಂತರ ಹೆಚ್ಚಿಸಬೇಕು.

ನೀರಿನ ಮಟ್ಟ ನಿಮ್ಮ ಕೈಯಲ್ಲಿದ್ದರೆ ಅದೇ ಮೊದಲ ಉಪಾಯ. ತಲೆಕೆಳಗಾಗಿ ಮೇಯುವ ಬಾತುಗಳಿಗೆ ಎಟುಕುವುದು ಸುಮಾರು 45 ಸೆಂ.ಮೀ. ಆಳದವರೆಗೆ, ಹಂಸಕ್ಕೆ ಒಂದು ಮೀಟರಿನಷ್ಟು. ಸೀಸ ಹೆಚ್ಚಿರುವ ಮೂಲೆಯನ್ನು ವಲಸೆಯ ಕಾಲದಲ್ಲಿ ಅದಕ್ಕಿಂತ ಆಳ ಇಡಿ. ಬಾತುಗಳು ಬಂದಿಳಿಯುವ ಹೊತ್ತಿಗೆ ನೀರು ಬಿಟ್ಟು ತಳ ಬಯಲು ಮಾಡುವುದು ಅತಿ ಕೆಟ್ಟ ನಿರ್ಧಾರ. ಆಳ ಹೆಚ್ಚಿಸಿದರೆ ಮುಳುಗು ಬಾತುಗಳಿಗೆ ತೊಡಕಿಲ್ಲ, ಅವು ಕೆಳಗಿಳಿದು ಹೆಕ್ಕುತ್ತವೆ; ಯಾವ ಹಕ್ಕಿ ಬರುತ್ತದೆ ನೋಡಿ ಮಾಡಿ.

ಒಣಗುವ ಜೌಗಾದರೆ ಬೇಸಿಗೆಯಲ್ಲಿ 20–30 ಸೆಂ.ಮೀ. ಆಳಕ್ಕೆ ಉತ್ತು ಚರೆಯನ್ನು ಕೆಳಗೆ ತಳ್ಳಬಹುದು. ಹೊಸ ಸೀಸ ನಿಂತಮೇಲೆ ಒಮ್ಮೆ ಉತ್ತರೆ ಸಾಕು. ಮತ್ತೆ ಉತ್ತರೆ ಕೆಳಗಿದ್ದದ್ದು ಮೇಲೆ ಬರುತ್ತದೆ. ಬೇರು, ಗೆಡ್ಡೆ, ಬೀಜಸಂಪತ್ತಿಗೆ ಇದರಿಂದ ಪೆಟ್ಟು ಬೀಳುವುದರಿಂದ ಸಂರಕ್ಷಿತ ಜೌಗಿನಲ್ಲಿ ಇಲಾಖೆಯ ಒಪ್ಪಿಗೆ ಇಲ್ಲದೆ ಕೈಹಾಕಬೇಡಿ. ಮರಳುಕಲ್ಲು ಸಿಗದ ಕಡೆ ಶುದ್ಧ ಮರಳುಕಲ್ಲಿನ ರಾಶಿ ಹಾಕುವುದುಂಟು. ಪರಿಣಾಮ ಅನಿಶ್ಚಿತ, ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಹಳೆಯ ಬೇಟೆ ಜಾಗದಲ್ಲಿ ಹಕ್ಕಿಗಳಿಗೆಂದು ಕಾಳು ಚೆಲ್ಲುವುದನ್ನು ಮಾತ್ರ ಪೂರ್ತಿ ನಿಲ್ಲಿಸಿ. ಕಾಳು ಹೆಕ್ಕುತ್ತ ಚರೆಯನ್ನೂ ಹೆಕ್ಕುತ್ತವೆ, ಮೇಲಾಗಿ ಗಟ್ಟಿ ಕಾಳು ವಿಷವನ್ನು ಹೆಚ್ಚಿಸುತ್ತದೆ.

9. ಫಲ ಸಿಕ್ಕಿತೇ ಎಂದು ನೋಡುವುದು

ಅದೇ ಬಿಂದು, ಅದೇ ತಿಂಗಳು, ಅದೇ ಜರಡಿ. ಒಂದನ್ನು ಬದಲಿಸಿದರೂ ಹೋಲಿಕೆ ಹೋಗುತ್ತದೆ. ಹಕ್ಕಿಗಳ ಎಣಿಕೆಗೆ ಜನವರಿಯ ಅಂತಾರಾಷ್ಟ್ರೀಯ ಜಲಪಕ್ಷಿ ಗಣತಿಯ ನಮೂನೆಯನ್ನೇ ಬಳಸಿ. 1967ರಿಂದ ನಡೆದುಬಂದ ಲೆಕ್ಕಕ್ಕೆ ನಿಮ್ಮ ಜಾಗವೂ ಸೇರುತ್ತದೆ.

ಕೆಸರಿನ ಚರೆಯ ಸಂಖ್ಯೆ ವರ್ಷಗಟ್ಟಲೆ ಹಾಗೇ ನಿಂತರೆ ಕೆಲಸ ಸೋತಿತೆಂದು ಬಿಡಬೇಡಿ, ಅದು ನಿಧಾನವಾಗಿಯೇ ಹೂತುಹೋಗುವುದು. ಬೇಗ ಬದಲಾಗುವುದು ಗಿಜರ್ಡಿನೊಳಗಿನ ಪಾಲು. ಅಮೆರಿಕದ ಮಿಸಿಸಿಪ್ಪಿ ವಲಸೆಮಾರ್ಗದಲ್ಲಿ ನಿಷೇಧವಾಗಿ ಐದಾರು ವರ್ಷದ ನಂತರ ಮಲ್ಲಾರ್ಡ್ ಬಾತುಗಳ ಗಿಜರ್ಡ್ ತೆಗೆದು ನೋಡಿದಾಗ, ನುಂಗಿದ ಚರೆ ಸಿಕ್ಕವುಗಳಲ್ಲಿ ಸುಮಾರು ಮೂರರಲ್ಲಿ ಎರಡರಲ್ಲಿ ಇದ್ದದ್ದು ವಿಷವಲ್ಲದ ಚರೆ ಮಾತ್ರ. ಸೀಸದ ಸಾವು ಶೇ 64ರಷ್ಟು ಇಳಿದಿದೆ ಎಂದು ಆ ಅಧ್ಯಯನ ಅಂದಾಜು ಮಾಡಿತು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ‘ಚರೆ ಸಿಕ್ಕ ಗಿಜರ್ಡ್’ ಎಂಬ ಒಂದೇ ಕಲಂ ಇಟ್ಟುಕೊಳ್ಳಬೇಡಿ. ಸೀಸ, ಉಕ್ಕು, ಇತರೆ ಎಂದು ಮೂರು ಮಾಡಿ, ಒಳಹೊಕ್ಕ ಚರೆಗೆ ನಾಲ್ಕನೆಯದು.